ದಫೇದಾರರ ಬಿಲ್ಲೆಯೂ ಒಂದು ಹಿಡಿ ಹುಣಸೆಹಣ್ಣೂ

ಹೊಸದುರ್ಗದ ಹಳೇ ಮುನ್ಸೀಫ್ ಕೋರ್ಟಿನಲ್ಲಿ ಆವತ್ತು ಎರಡು ಕಳವು ನಡೆದವು. ಒಂದಕ್ಕೆ ಕಟ್ಟಡದ ಹೆಂಚು ಹಾರಿಹೋಗುವಷ್ಟು ಗದ್ದಲ ಎದ್ದಿತು. ಗೇಟು ಹಾಕಿದರು, ಎಲ್ಲರ ಚೀಲ ತಡಕಾಡಿದರು, ಪೊಲೀಸರಿಗೆ ಫೋನು ಹೋಯಿತು. ಇನ್ನೊಂದನ್ನು ಕೇಳುವವರೇ ಇರಲಿಲ್ಲ. ಆ ಇನ್ನೊಂದು ಕಳವಾದದ್ದು ಶಾಂತಕ್ಕನ ಕೈಚೀಲದಲ್ಲಿ. ಅದಕ್ಕೇ ಇವತ್ತಿಗೂ ಈ ಪ್ರಕರಣದ ಮಾತು ಬಂದರೆ ಶಾಂತಕ್ಕ, "ಮೊದ್ಲು ನಂದು ಹೇಳ್ತೀನಿ ಕೇಳ್ರಿ, ಬಿಲ್ಲೆ ಕತೆ ಆಮೇಲೆ" ಅಂತಲೇ ಶುರು ಮಾಡುತ್ತಾಳೆ.

ಶಾಂತಕ್ಕ ಹಿರಿಯೂರಿನವಳು. ಅವಳ ಪಕ್ಕದ ಮನೆ ಅನುಸೂಯ ಮೇಡಂ ಅವರದು. ಕಾಲೇಜಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಹೇಳಿ ನಿವೃತ್ತರಾದವರು. ನೋಡಲು ಸಣ್ಣಗೆ, ಸಪ್ಪಗೆ. ಮಾತು ಅದಕ್ಕಿಂತ ಕಡಿಮೆ. ಆದರೆ ಆ ಬೀದಿಯಲ್ಲಿ ಯಾರದೇ ಏನೇ ಕಳೆಯಲಿ, ಜನ ಸ್ಟೇಷನ್ನಿಗೆ ಹೋಗುವ ಮೊದಲು ಅವರ ಮನೆ ಕದ ತಟ್ಟುತ್ತಿದ್ದರು. ಮದುವೆಮನೆಯಲ್ಲಿ ಮಾಯವಾದ ಕಾಲುಂಗುರ, ಸೊಸೈಟಿಯಲ್ಲಿ ಇದ್ದಕ್ಕಿದ್ದಂತೆ ಕರಗಿದ ಸೀಮೆಎಣ್ಣೆ, ಹೀಗೆ ಎಷ್ಟೋ ಗಂಟುಗಳನ್ನು ಮೇಡಂ ಬಿಡಿಸಿದ್ದರು. ಪ್ರತಿ ಸಲವೂ ಶಾಂತಕ್ಕ ಅವರ ಜತೆಗಿದ್ದಳು. "ಮೇಡಮ್ಮೋರು ತಲೆ ಓಡಿಸ್ತಾರೆ, ನಾನು ಬಾಯಿ ಓಡಿಸ್ತೀನಿ, ಎರಡೂ ಬೇಕಲ್ಲ?" ಎನ್ನುವುದು ಅವಳ ವಾದ.

ಅದು ಎರಡು ಸಾವಿರದ ಮೂರನೇ ಇಸವಿಯ ಆಯುಧಪೂಜೆಯ ದಿನ. ಹೊಸದುರ್ಗದಲ್ಲಿ ಕೋರ್ಟು ಹೊಸ ಕಟ್ಟಡಕ್ಕೆ ಹೋದ ಮೇಲೆ, ಪಾಳು ಬೀಳುತ್ತಿದ್ದ ಹಳೇ ಕಟ್ಟಡವನ್ನು ಊರಿನ ಒಂದು ಸಮಿತಿ ಸುಣ್ಣಬಣ್ಣ ಮಾಡಿಸಿ ಜನರಿಗೆ ತೋರಿಸುತ್ತಿತ್ತು. ಅದನ್ನು ನೋಡಲೆಂದು ಹಿರಿಯೂರಿನಿಂದ ಒಂದು ಟೆಂಪೋ ತುಂಬ ಜನ ಹೊರಟರು. ಶಾಂತಕ್ಕನಿಗೆ ಕಟ್ಟಡಕ್ಕಿಂತ ಹೊಸದುರ್ಗದ ಮಾರ್ಕೆಟ್ಟಿನ ಮೇಲೇ ಹೆಚ್ಚು ಪ್ರೀತಿ. ಟೆಂಪೋ ನಿಲ್ಲಿಸಿಕೊಂಡು, ಅಂಗಡಿಯವನ ಜತೆ ಮನಸಾರೆ ಚೌಕಾಸಿ ಮಾಡಿ, ಹೋದ ವರ್ಷದ ಕಪ್ಪು ಹುಣಸೆಹಣ್ಣಿನ ಉಂಡೆಯೊಂದನ್ನು ಕೊಂಡು ಪೇಪರಿನಲ್ಲಿ ಸುತ್ತಿಸಿಕೊಂಡಳು. "ಸಾರಿಗೆ ಹಳೇ ಹಣ್ಣೇ ಆಗ್ಬೇಕು. ಹೊಸದು ಬರೀ ಹುಳಿ, ರುಚಿ ಎಲ್ಲೈತೆ?" ಎಂದು ಇಡೀ ಟೆಂಪೋಗೆ ಪಾಠ ಹೇಳಿದಳು.

ಪಕ್ಕದ ಸೀಟಿನ ಎರ್ರಿಸ್ವಾಮಿಗೆ ಒಗ್ಗರಣೆ ಮಂಡಕ್ಕಿ ನೀಡಿದರೆ ಅವನು ಎರಡೂ ಕೈ ಮುಗಿದುಬಿಟ್ಟ. ಇವನು ಊರೂರು ತಿರುಗಿ ಹಳೇ ಹಿತ್ತಾಳೆ ಪಾತ್ರೆ, ದೀಪದ ಕಂಬಗಳನ್ನು ಕೊಂಡು ಪೇಟೆಯವರಿಗೆ ಮಾರುವವನು. "ಬ್ಯಾಡಕ್ಕ. ನವರಾತ್ರಿ ಮುಗಿಯೋವರೆಗೂ ಒಪ್ಪತ್ತು. ರಾತ್ರಿ ಒಂದು ಹೊತ್ತು ಬಿಟ್ರೆ ನೀರು ಮಾತ್ರ" ಎಂದ. ಶಾಂತಕ್ಕ ಅವನ ಭಕ್ತಿಗೆ ಮೆಚ್ಚಿ ಅವನ ಪಾಲಿನ ಮಂಡಕ್ಕಿಯನ್ನೂ ತಾನೇ ತಿಂದಳು.

ಕೋರ್ಟಿನ ಬಾಗಿಲಲ್ಲಿ ಅವರನ್ನು ಎದುರುಗೊಂಡವರು ಸಮಿತಿಯ ಕಾರ್ಯದರ್ಶಿ ಲಕ್ಷ್ಮೀಕಾಂತ್, ವಕೀಲರು. ಕೋಟು, ಟೈ, ಗಂಟಲು ತುಂಬ ಮಾತು. ಎದುರಿಗಿದ್ದವರು ಒಂದು ಪದ ಆಡುವಷ್ಟರಲ್ಲಿ ತಾವು ಇಪ್ಪತ್ತು ಆಡಿ ಮುಗಿಸುವ ಪೈಕಿ. ಪೂಜೆಯ ಏರ್ಪಾಡಿಗೆಂದು ಅವರ ತಾಯಿ ಜಯಕ್ಕ ಹೊಳಲ್ಕೆರೆಯಿಂದ ಬಂದಿದ್ದರು. ಹಿತ್ತಲಿನ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಬೆಲ್ಲದ ಪಾನಕ ಕೊಟ್ಟರು. ಲೋಟ ಇಸಿದುಕೊಳ್ಳುವಾಗ ಶಾಂತಕ್ಕನ ಕಣ್ಣು ಅಭ್ಯಾಸಬಲದಿಂದ ಆ ಹೆಂಗಸಿನ ಕೈಮೇಲೆ ಹೋಯಿತು. ಎರಡು ಬಂಗಾರದ ಬಳೆ, ಬೆರಳಿಗೆ ಕಪ್ಪಿಟ್ಟ ತಾಮ್ರದ ಉಂಗುರ. "ಮಗ ಇಷ್ಟು ದೊಡ್ಡ ವಕೀಲ, ತಾಯಿಗೊಂದು ಬಂಗಾರದ ಉಂಗುರ ಮಾಡ್ಸಬಾರ್ದಾ?" ಎಂದು ಮೇಡಂ ಕಿವಿಯಲ್ಲಿ ಉಸುರಿದಳು. ಚೀಲಗಳನ್ನೆಲ್ಲ ಆ ಹಿತ್ತಲ ಜಗಲಿಯಲ್ಲೇ ಇಟ್ಟು ಎಲ್ಲರೂ ಒಳಗೆ ಹೋದರು.

ಕಟ್ಟಡ ತೋರಿಸುವ ಕೆಲಸ ಅಂಜಲಿ ಎಂಬ ಹುಡುಗಿಯದು. ಚುರುಕಾದ ಪೋರಿ. ಜಡ್ಜಿ ಕೂರುತ್ತಿದ್ದ ಎತ್ತರದ ಪೀಠ, ಆರೋಪಿ ನಿಲ್ಲುತ್ತಿದ್ದ ಕಟಕಟೆ, ಸೂರಿಗೆ ತೂಗುಬಿದ್ದ ಬಟ್ಟೆಯ ಪಂಖಾ, ಒಂದೊಂದನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ಕಟಕಟೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ ಎಂದರೆ ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. "ಸುಮ್ನಿರಮ್ಮ, ತಮಾಷೆಗೂ ಬ್ಯಾಡ" ಎಂದು ಶಾಂತಕ್ಕ ಕೆನ್ನೆ ಕೆನ್ನೆ ಬಡಿದುಕೊಂಡಳು.

ಪೀಠದ ಕೆಳಗಿನ ಮೇಜಿನ ಮೇಲೆ ಒಂದು ಬೆಳ್ಳಿಯ ಮಸಿಕುಡಿಕೆ, ಅದರ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯ ಒಳಗೆ ಮಖಮಲ್ಲಿನ ಮೇಲೆ ಅಂಗೈಯಗಲದ ದುಂಡನೆಯ ಹಿತ್ತಾಳೆ ಬಿಲ್ಲೆ. ಮಹಾರಾಜರ ಕಾಲದ್ದು. ಕೋರ್ಟಿನ ದಫೇದಾರರು ಭುಜದಿಂದ ಸೊಂಟಕ್ಕೆ ಇಳಿಬಿಡುವ ಕೆಂಪು ಡವಾಲಿಯ ಮೇಲೆ ಎದೆಯ ಹತ್ತಿರ ಚುಚ್ಚಿಕೊಳ್ಳುತ್ತಿದ್ದದ್ದು. ಈಗ ಅದು ಕಿಲುಬು ಹತ್ತಿ ಕರ್ರಗೆ ಹಸಿರಾಗಿ, ಒಳಗಿನ ಗಂಡಭೇರುಂಡ ಯಾವುದು, ಅಂಚು ಯಾವುದು ತಿಳಿಯದಂತಾಗಿತ್ತು.

ಆ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದವರು ದೊಡ್ಡತಿಮ್ಮಪ್ಪನವರು. ಅದೇ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಅದೇ ಕೋರ್ಟಿನಲ್ಲಿ ದಫೇದಾರರಾಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷ ಆಗಿದ್ದರೂ, ಜನ ನೋಡಲು ಬರುವ ದಿನ ಬಿಳಿ ಉಡುಪು, ಪೇಟ, ಡವಾಲಿ ಹಾಕಿಕೊಂಡು ಬಂದು ಹಿಂದಿನ ಹಾಗೆ ಕೂಗಿ ತೋರಿಸುತ್ತಿದ್ದರು. ಸಂಬಳ ಗಿಂಬಳ ಏನಿಲ್ಲ. "ಬರೋಕಾಗದ ದಿನ ನಂಗೆ ಊಟ ಸೇರಲ್ಲ ತಾಯಿ" ಎಂದು ಶಾಂತಕ್ಕನಿಗೆ ಹೇಳಿದರು. ಬೂಟು ಫಳಫಳ ಅನ್ನುತ್ತಿತ್ತು. ಎದೆಯ ಮೇಲೆ, ಬಿಲ್ಲೆ ಇರಬೇಕಾದ ಜಾಗ ಮಾತ್ರ ಖಾಲಿ.

"ಆಯುಧಪೂಜೆ ದಿನ ಆದ್ರೂ ಇದನ್ನ ಒಂದು ಸಲ ತಿಕ್ಕಿ ಇಡ್ರಿ ಅಂತ ಬಡ್ಕಂತಾ ಇದೀನಿ" ಎಂದರು ದಫೇದಾರರು. "ನನ್ ಕಾಲದಾಗೆ ಇದ್ರಾಗೆ ಮುಖ ಕಾಣ್ತಿತ್ತು. ಈಗ ನೋಡ್ರಿ, ದೋಸೆ ಕಾವಲಿ ಆಗೈತೆ."

"ಆ ಕಪ್ಪೇ ಅದರ ಬೆಲೆ ದೊಡ್ಡತಿಮ್ಮಪ್ಪ!" ಲಕ್ಷ್ಮೀಕಾಂತ್ ಅಲ್ಲಿಗೇ ಕಡಿದರು. "ಹಳೇ ವಸ್ತು ಹಳೇದಾಗೇ ಇರಬೇಕು. ಯಾರೂ ಮುಟ್ಟಂಗಿಲ್ಲ. ಎಷ್ಟು ಸಲ ಹೇಳ್ಬೇಕು ನಿಮಗೆ?"

"ಖರೆ ಮಾತು ಸ್ವಾಮಿ. ತಿಕ್ಕಿದ್ರೆ ರೇಟು ಅರ್ಧಕ್ಕರ್ಧ ಬಿದ್ದೋಗ್ತೈತೆ" ಎಂದು ಎರ್ರಿಸ್ವಾಮಿ ಬಗ್ಗಿ ಬಗ್ಗಿ ನೋಡಿದ. ದಫೇದಾರರ ಮುಖ ಸಣ್ಣದಾಯಿತು. ಪೂಜೆಯ ಸಾಮಾನು ಹಿಡಿದು ಒಳಗೆ ಬಂದ ಜಯಕ್ಕ, "ಅಯ್ಯೋ ಪಾಪ, ಹಬ್ಬದ ದಿನ..." ಎಂದು ಏನೋ ಹೇಳಹೊರಟರು. "ಅವ್ವ, ಆಮೇಲೆ" ಎಂದರು ಮಗ.

ಆಮೇಲೆ ಕೂಗುವ ಕಾರ್ಯಕ್ರಮ. ಎಲ್ಲರೂ ಮುಂದಿನ ವರಾಂಡಕ್ಕೆ ಬಂದರು. ದಫೇದಾರರು ಕಾಲು ಜೋಡಿಸಿ ನಿಂತು, ಎದೆ ಉಬ್ಬಿಸಿ, "ಯಲ್ಲದಕೆರೆ ಕಾಟಲಿಂಗಪ್ಪಾ... ಹಾಜರ್!" ಎಂದು ಮೂರು ಸಲ ಕೂಗಿದರು. ಎಂಥಾ ಗಂಟಲು ಅಂತೀರಿ! ಕಂಬದ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಆಸಾಮಿ ಬೈಕು ಅಲ್ಲೇ ಒರಗಿಸಿ, ಬೆವರು ಒರೆಸಿಕೊಳ್ಳುತ್ತ ಓಡಿಬಂದ. "ಸ್ವಾಮಿ, ನಾನೇ ಕಾಟಲಿಂಗಪ್ಪ. ಆದ್ರೆ ನಮ್ದು ಯಲ್ಲದಕೆರೆ ಅಲ್ಲ. ನಂದೇನ್ ಕೇಸು ಐತೆ ಸ್ವಾಮಿ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನನ್ನು ಸಮಾಧಾನ ಮಾಡಿ, ಪಾನಕ ಕುಡಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಅಲ್ಲಿಂದ ಅಂಜಲಿ ಎಲ್ಲರನ್ನೂ ಕಡತಗಳ ಕೋಣೆಗೆ ಕರೆದೊಯ್ದು ಬಹಳ ಹೊತ್ತು ವಿವರಿಸಿದಳು. ದಫೇದಾರರು ಮಾತ್ರ, ಗಂಟಲು ಆರಿದೆ ಎಂದು ವರಾಂಡದಲ್ಲೇ ಉಳಿದರು. ಮತ್ತೆ ಕೋರ್ಟ್ ಹಾಲಿಗೆ ಬಂದಾಗ ಜಯಕ್ಕ ಪೂಜೆಗೆ ಅಣಿಮಾಡಿ ಮುಗಿಸಿದ್ದರು. ಮಂಕಾದ ಎರಡು ದೀಪದ ಕಂಬ, ಮಂಕಾದ ಗಂಟೆ, ಎಲ್ಲ ಸಮಿತಿಯ ಬೀರುವಿನದು. ನಡುವೆ ಹರಿವಾಣ, ಅದರೊಳಗೆ ಥಳಥಳ ಹೊಳೆಯುವ ಪುಟ್ಟ ಪೀಠ, ಪೀಠದ ತುಂಬ ಅಕ್ಷತೆ, ಅದರ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಗರಿಕೆ ಸಿಕ್ಕಿಸಿಕೊಂಡ ಅರಿಶಿನದ ಗಣಪ. ಎಲ್ಲರೂ ಕೈಮುಗಿದರು. ಜಯಕ್ಕ ಕುಂಕುಮ ಕೊಟ್ಟರು. ಅವರ ಬೆರಳಲ್ಲಿ ಉಂಗುರ ಕೆಂಪಗೆ ಮಿಂಚಿದ್ದನ್ನು ನೋಡಿ ಶಾಂತಕ್ಕ, ಪರವಾಗಿಲ್ಲ, ಈಯಮ್ಮನ ಹತ್ತಿರ ಒಳ್ಳೆ ಉಂಗುರವೂ ಐತೆ ಎಂದು ಮತ್ತೆ ಮೇಡಂ ಕಿವಿಯಲ್ಲಿ ಉಸುರಿದಳು.

ಆಗಲೇ ಅಂಜಲಿ ಕಿಟಾರನೆ ಕಿರುಚಿದ್ದು. ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಲಕ್ಷ್ಮೀಕಾಂತ್ ಕುಣಿದಾಡಿಬಿಟ್ಟರು. ಗೇಟು ಹಾಕಿಸಿದರು. ಜೇಬಿನಿಂದ ಮೊಬೈಲು ತೆಗೆದು ಸ್ಟೇಷನ್ನಿಗೆ ಫೋನು ಮಾಡಿದರು. ಚೀಲಗಳನ್ನು ತರಿಸಿ ಒಂದೊಂದನ್ನೇ ಬಿಚ್ಚಿಸಿದರು. ಮೇಜಿನ ಕೆಳಗೆ, ಪಂಖಾದ ಮಡಿಕೆಯಲ್ಲಿ, ಹೂವಿನ ಬುಟ್ಟಿಯಲ್ಲಿ ಹುಡುಕಿಸಿದರು. ಆಮೇಲೆ ನೆಟ್ಟಗೆ ದಫೇದಾರರ ಕಡೆ ತಿರುಗಿದರು.

"ಎಲ್ಲರೂ ಒಳಗಿದ್ದಾಗ ಹೊರಗೆ ಒಬ್ಬರೇ ಇದ್ದೋರು ನೀವು. ಬಿಲ್ಲೆ ಮೇಲೆ ನಿಮಗಿರೋ ಆಸೆ ಊರಿಗೇ ಗೊತ್ತು. ಕೈ ಎತ್ರಿ."

ಎಂಬತ್ತರ ಹತ್ತಿರದ ಆ ಮನುಷ್ಯ ಕೈ ಎತ್ತಿ ನಿಂತರು. ಲಕ್ಷ್ಮೀಕಾಂತ್ ಎಲ್ಲರ ಎದುರಿಗೇ ಅವರ ಜೇಬು ತಡವಿದರು. ಒಂದು ಕರವಸ್ತ್ರ, ಒಂದು ಎಲೆಅಡಿಕೆ ಪೊಟ್ಟಣ, ಅಷ್ಟೇ ಸಿಕ್ಕಿದ್ದು. ದಫೇದಾರರು ಗೋಡೆಯ ಕಡೆ ನೋಡುತ್ತಿದ್ದರು. ಶಾಂತಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಲೇ ಕಾಂತ, ಒಂದ್ ಮಾತು ಕೇಳೋ" ಎಂದರು ಜಯಕ್ಕ.

"ಆಮೇಲೆ ಅವ್ವ! ನಿಂಗೆ ಇದೆಲ್ಲ ತಿಳಿಯಲ್ಲ." ಮಗ ತಿರುಗಿಯೂ ನೋಡಲಿಲ್ಲ. "ಜೀಪು ಬರಲಿ. ಯಾರೇ ಆಗಿರಲಿ ಬಿಡೋ ಮಾತಿಲ್ಲ. ಬಿಲ್ಲೆ ಸಿಗದೇ ಹೋದ್ರೆ ದೊಡ್ಡತಿಮ್ಮಪ್ಪ, ನಾಳೆಯಿಂದ ನೀವು ಈ ಕಟ್ಟಡದ ಮೆಟ್ಟಿಲು ಹತ್ತಬ್ಯಾಡ್ರಿ."

"ಕಾಂತ, ಮಂಗಳಾರತಿ ಆಗ್ಲಿ ಕಣೋ, ಆಮೇಲೆ..."

"ಅಯ್ಯೋ ಸುಮ್ನಿರವ್ವ! ಕಳವಾಗೈತೆ ಅಂದ್ರೆ ಮಂಗಳಾರತಿ ಅಂತೀಯಲ್ಲ!"

ಅಷ್ಟರಲ್ಲಿ ಶಾಂತಕ್ಕ ಕೂಗಿದಳು. ಅವಳ ಹುಣಸೆಹಣ್ಣಿನ ಪೊಟ್ಟಣದ ಪೇಪರು ಹರಿದಿತ್ತು, ಉಂಡೆಯಲ್ಲಿ ಒಂದು ಹಿಡಿಯಷ್ಟು ಕಿತ್ತುಹೋಗಿತ್ತು. "ಅಕಟಕಟಾ! ಇಷ್ಟು ಹುಣಸೆಹಣ್ಣಿಗೂ ಕನ್ನ ಹಾಕ್ತಾರಲ್ರೀ! ಇದೇನು ಕೋರ್ಟೋ ಕಳ್ಳರ ಸಂತೆಯೋ?" ಎಂದು ಸೊಂಟಕ್ಕೆ ಕೈಯಿಟ್ಟಳು.

"ರೀ ಅಮ್ಮ, ಬಿಲ್ಲೆ ಹೋಗೈತೆ, ನಿಮ್ಮ ಹುಣಸೆಹಣ್ಣಿಗೆ ಅಳ್ತೀರಾ?" ಎಂದರು ಲಕ್ಷ್ಮೀಕಾಂತ್. ಜನ ನಕ್ಕರು. ಶಾಂತಕ್ಕನ ಮೂಗಿನ ತುದಿ ಕೆಂಪಾಯಿತು.

ನಗದೆ ಇದ್ದವರು ಒಬ್ಬರೇ. "ಶಾಂತಕ್ಕ, ಎಷ್ಟು ಹೋಗೈತೆ? ಕೈಯಲ್ಲಿ ಮುರಿದಿರೋದಾ, ಇಲಿ ತಿಂದಿರೋದಾ?" ಎಂದು ಅನುಸೂಯ ಮೇಡಂ ಉಂಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಆಮೇಲೆ ಲಕ್ಷ್ಮೀಕಾಂತರಿಗೆ, "ಜೀಪು ಬರೋ ತನಕ ನಂಗೆ ಸ್ವಲ್ಪ ಓಡಾಡೋಕೆ ಬಿಡ್ರಿ" ಎಂದರು. ಹಿರಿಯೂರಿನವರೆಲ್ಲ, "ಬಿಡ್ರಿ ಸ್ವಾಮಿ, ಮೇಡಮ್ಮೋರು ಹಿಡೀತಾರೆ" ಎಂದು ಒಕ್ಕೊರಲಿನಿಂದ ಹೇಳಿದ ಮೇಲೆ ಅವರು ಒಪ್ಪಲೇಬೇಕಾಯಿತು.

ಮೇಡಂ ಮೊದಲು ಗಾಜಿನ ಪೆಟ್ಟಿಗೆ ನೋಡಿದರು. ಬೀಗವಿಲ್ಲದ ಪೆಟ್ಟಿಗೆ, ಬರೀ ಕೊಂಡಿ. ಕೊಂಡಿ ಹಾಕಿಯೇ ಇತ್ತು. ಮಖಮಲ್ಲನ್ನು ಯಾರೋ ಅಂಗೈಯಿಂದ ಸವರಿ ಸರಿಮಾಡಿದ್ದರು. ಬೆಳ್ಳಿಯ ಮಸಿಕುಡಿಕೆ ಇದ್ದಲ್ಲೇ ಇತ್ತು. ಆಮೇಲೆ ದಫೇದಾರರ ಹತ್ತಿರ ಹೋಗಿ, "ಕೈ ತೋರಿಸ್ರಿ ಯಜಮಾನ್ರೇ" ಎಂದರು. ಉಗುರಿನ ಸಂದುಗಳಲ್ಲೆಲ್ಲ ಬೂಟ್ ಪಾಲಿಷಿನ ಕಪ್ಪು ಕೂತಿತ್ತು. "ಬೆಳಗ್ಗೆ ಬೂಟು ಉಜ್ಜಿದ್ದು ತಾಯಿ. ಎಷ್ಟು ತೊಳೆದ್ರೂ ಹೋಗಲ್ಲ" ಎಂದು ದಫೇದಾರರು ನಾಚಿಕೊಂಡರು.

"ನೀನು ಎಲ್ಲಿದ್ದೆಪ್ಪ?" ಎಂದು ಎರ್ರಿಸ್ವಾಮಿಯನ್ನು ಕೇಳಿದರು.

"ಕಡತದ ಕೋಣೆಯಾಗೆ ಮೇಡಂ, ಎಲ್ಲರ ಜತೆ."

"ಸುಳ್ಳು!" ಎಂದಳು ಅಂಜಲಿ. "ಬಾಗಿಲಲ್ಲಿ ನಾನೇ ನಿಂತಿದ್ದೆ. ಈಯಪ್ಪ ಒಳಗೆ ಬರಲೇ ಇಲ್ಲ."

ಎರ್ರಿಸ್ವಾಮಿ ಬೆವೆತುಹೋದ. ಶಾಂತಕ್ಕನಿಗೆ ಖುಷಿಯೋ ಖುಷಿ. ಕಳ್ಳ ಸಿಕ್ಕಿಬಿಟ್ಟ! ಹಳೇ ಹಿತ್ತಾಳೆ ವ್ಯಾಪಾರ ಮಾಡುವವನು ಹಳೇ ಬಿಲ್ಲೆ ಬಿಟ್ಟಾನೆಯೇ? ಅವನ ಹತ್ತಿರಕ್ಕೆ ನುಗ್ಗಿ ಕಾಲರು ಹಿಡಿಯುವಷ್ಟರಲ್ಲಿದ್ದಳು. ಆಗ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು. ಇನ್ನೊಂದು ಸಲ ಮೂಸಿ ನೋಡಿದಳು. ಅನುಮಾನವೇ ಇಲ್ಲ, ಮೆಣಸಿನಕಾಯಿ ಬಜ್ಜಿ.

"ಒಪ್ಪತ್ತು ಅಂದ್ಯಲ್ಲೋ ಭೂಪ!"

"ಅಕ್ಕ, ಮೆಲ್ಲಗೆ ಮಾತಾಡಕ್ಕ" ಎಂದು ಅವನು ಎಣ್ಣೆಗೈ ಮುಗಿದ. "ಪಕ್ಕದ ಗೇಟಿನ ಹೊರಗೆ ಗಾಡಿ ಇತ್ತು. ಬಿಸಿಬಿಸಿ ಕರೀತಿದ್ದ. ಮನೆಯಾಗೆ ಗೊತ್ತಾದ್ರೆ ನನ್ ಕತೆ ಮುಗೀತು." ಜನಕ್ಕೆ ಮತ್ತೆ ನಗು ತಡೆಯಲಾಗಲಿಲ್ಲ. ದಫೇದಾರರೂ ಒಂದು ಕ್ಷಣ ನಕ್ಕುಬಿಟ್ಟರು.

ಮೇಡಂ ಹಿತ್ತಲಿಗೆ ಹೋದರು, ಶಾಂತಕ್ಕ ಹಿಂಬಾಲಿಸಿದಳು. ಜಗಲಿಯಿಂದ ನಾಲ್ಕು ಹೆಜ್ಜೆಗೆ ನಲ್ಲಿ. ನಲ್ಲಿಯ ಕೆಳಗಿನ ಬಟ್ಟೆ ಒಗೆಯುವ ಕಲ್ಲು ಇನ್ನೂ ಒದ್ದೆಯಿತ್ತು. ಕಲ್ಲಿನ ಸಂದಿಯಲ್ಲಿ ಹಸಿರುಗಪ್ಪು ಕೆಸರು, ಕೆಸರಿನಲ್ಲಿ ನಾರು, ಎರಡು ಮೂರು ಹುಣಸೆಬೀಜ. ಮೇಡಂ ಒಂದು ಬೀಜವನ್ನು ಎತ್ತಿ ಶಾಂತಕ್ಕನ ಅಂಗೈಯಲ್ಲಿಟ್ಟರು.

"ನಿಮ್ಮದೇ ಅಲ್ವಾ?"

"ನಂದೇ! ಕದ್ದೋರು ಇಲ್ಲಿ ಕೂತು ಸಾರು ಮಾಡಿದ್ರಾ ಮೇಡಮ್ಮೋರೆ?"

"ಇಲ್ಲ ಶಾಂತಕ್ಕ. ಯೋಚನೆ ಮಾಡ್ರಿ. ಬನ್ನಿ, ಒಳಗೆ ಹೋಗಾಣ." ಮೇಡಂ ಮುಖದಲ್ಲಿ ಅಪರೂಪದ ಒಂದು ತುಂಟ ನಗು ಇತ್ತು. ಆ ನಗು ಬಂತೆಂದರೆ ಕೆಲಸ ಮುಗಿಯಿತು ಎಂದು ಶಾಂತಕ್ಕನಿಗೆ ಗೊತ್ತು. ಆದರೆ ಏನು, ಹೇಗೆ ಎಂಬುದು ಮಾತ್ರ ಅವಳಿಗೆ ಹೊಳೆಯಲೊಲ್ಲದು, ಅದಕ್ಕೇ ಮೈಯೆಲ್ಲ ತುರಿಸಿದಂತಾಯಿತು.

ಹಾಲಿನಲ್ಲಿ ಎಲ್ಲರನ್ನೂ ಬೆಂಚುಗಳ ಮೇಲೆ ಕೂರಿಸಿದರು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಒಬ್ಬ ಪೇದೆ ಬಂದು ಬಾಗಿಲಲ್ಲಿ ನಿಂತ. ಅನುಸೂಯ ಮೇಡಂ ಸಾಕ್ಷಿ ನಿಲ್ಲುವ ಜಾಗಕ್ಕೆ ಹೋಗಿ, ಅಡ್ಡಪಟ್ಟಿಯ ಮೇಲೆ ಕೈಯಿಟ್ಟು ನಿಂತರು.

"ಮೊದಲು ಶಾಂತಕ್ಕನ ಹುಣಸೆಹಣ್ಣು" ಎಂದು ಶುರು ಮಾಡಿದರು. ಶಾಂತಕ್ಕ ಎದೆ ಮುಂದೆ ಮಾಡಿ ಕೂತಳು. "ಒಂದೇ ಹೊತ್ತಲ್ಲಿ, ಒಂದೇ ಕಟ್ಟಡದಲ್ಲಿ ಎರಡು ವಸ್ತು ಹೋದ್ರೆ, ಎರಡನ್ನೂ ಒಬ್ಬರೇ ತೆಗೆದಿರಬಹುದು. ಕಿಲುಬು ಹಿಡಿದ ಹಿತ್ತಾಳೆ, ಹುಣಸೆಹಣ್ಣು. ಇವೆರಡನ್ನೂ ಒಟ್ಟಿಗೆ ಹಿಡ್ಕಂಡೋರು ಏನು ಮಾಡ್ತಾರೆ? ಇಲ್ಲಿ ಕೂತಿರೋ ಯಾವ ಹೆಂಗಸನ್ನ ಬೇಕಾದ್ರೂ ಕೇಳ್ರಿ."

"ಉಜ್ಜಿ ಬೆಳಗ್ತಾರೆ!" ಎಂದು ನಾಲ್ಕಾರು ದನಿ ಒಟ್ಟಿಗೆ ಬಂದವು. ಶಾಂತಕ್ಕ ಹಣೆ ಹಣೆ ಚಚ್ಚಿಕೊಂಡಳು. ದಿನಾ ಬೆಳಗ್ಗೆ ದೇವರ ಸಾಮಾನು ತಿಕ್ಕುವ ತನಗೇ ಹೊಳೆಯಲಿಲ್ಲವಲ್ಲ!

"ನಲ್ಲಿ ಹತ್ರ ಬೀಜ, ನಾರು, ಕಿಲುಬಿನ ಕೆಸರು ಇನ್ನೂ ಐತೆ, ಪೊಲೀಸ್ನೋರು ನೋಡಬಹುದು. ಹಾಗಾದ್ರೆ ಇದು ಮಾರೋಕೆ ಕದ್ದಿದ್ದಲ್ಲ. ಮಾರೋರಾಗಿದ್ರೆ ಪಕ್ಕದ ಬೆಳ್ಳಿ ಕುಡಿಕೆ ಬಿಡ್ತಿರಲಿಲ್ಲ, ಕೊಂಡಿ ಹಾಕಿ ಮಖಮಲ್ಲು ಸವರಿ ಹೋಗ್ತಿರಲಿಲ್ಲ. ಎರ್ರಿಸ್ವಾಮಿಯಂತೂ ಅಲ್ಲ, ತಿಕ್ಕಿದ್ರೆ ಬೆಲೆ ಬಿದ್ದೋಗುತ್ತೆ ಅಂತ ಬೆಳಗ್ಗೆ ಹೇಳಿದೋನೇ ಅವನು. ಅವನು ಆಗ ಬೇರೆ ಪಾಪ ಮಾಡ್ತಿದ್ದ."

ಎರ್ರಿಸ್ವಾಮಿ ತಲೆ ತಗ್ಗಿಸಿದ.

"ದೊಡ್ಡತಿಮ್ಮಪ್ಪನವರಿಗೆ ಬಿಲ್ಲೆ ಬೆಳಗಬೇಕು ಅನ್ನೋ ಆಸೆ ಇತ್ತು. ಆದ್ರೆ ಹುಣಸೆಹಣ್ಣಲ್ಲಿ ಆಡಿದ ಕೈ ಹೇಗಿರುತ್ತೆ? ಉಗುರು ಸಂದಿಯೂ ಬೆಳ್ಳಗಾಗಿರುತ್ತೆ. ಅವರ ಉಗುರಲ್ಲಿ ಬೆಳಗಿನ ಬೂಟ್ ಪಾಲಿಷು ಹಾಗೇ ಐತೆ. ಅವರು ಮುಟ್ಟಿಲ್ಲ." ಲಕ್ಷ್ಮೀಕಾಂತರು ಬಾಯಿ ತೆರೆದರು. ಮೇಡಂ ಕೈ ಎತ್ತಿ ತಡೆದರು. "ನಂದು ಮುಗೀಲಿ ವಕೀಲ್ರೇ. ಅಂಜಲಿ ಕಡತದ ಕೋಣೆಯಲ್ಲಿ ಬಿಡುವಿಲ್ಲದೆ ಮಾತಾಡ್ತಿದ್ದಳು, ನೀವೂ ಸೇರಿ ನಾವೆಲ್ಲ ಅವಳ ಎದುರಿಗಿದ್ವಿ. ಇನ್ನು ಉಳಿದೋರು ಯಾರು? ಒಂದು ಉಂಗುರ ನಂಗೆ ದಾರಿ ತೋರಿಸ್ತು. ಪಾನಕ ಕೊಡುವಾಗ ಕಪ್ಪಗಿದ್ದ ತಾಮ್ರದ ಉಂಗುರ, ಕುಂಕುಮ ಕೊಡುವಾಗ ಕೆಂಪಗೆ ಮಿಂಚ್ತಿತ್ತು. ಶಾಂತಕ್ಕ ಅದನ್ನ ಬೇರೆ ಉಂಗುರ ಅಂದ್ಕಂಡ್ರು. ಉಂಗುರ ಅದೇ, ಅದಕ್ಕೂ ಹುಣಸೆಹಣ್ಣಿನ ಸ್ನಾನ ಆಗಿತ್ತು."

ಹಾಲಿನಲ್ಲಿ ಗುಸುಗುಸು ಎದ್ದಿತು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಜಯಕ್ಕ ಸೆರಗಿನಿಂದ ಕೈ ಮುಚ್ಚಿಕೊಂಡರು.

"ಇನ್ನು ಬಿಲ್ಲೆ ಎಲ್ಲೈತೆ ಅಂದ್ರೆ, ಎಲ್ಲರ ಕಣ್ಣೆದುರಿಗೇ ಐತೆ. ನೀವು ಹುಡುಕಿದ್ದು ಕಪ್ಪು ಬಿಲ್ಲೆನ. ಅದು ಈಗ ಕಪ್ಪಗಿಲ್ಲ. ದೀಪದ ಕಂಬ ಮಂಕು, ಗಂಟೆ ಮಂಕು, ಗಣಪನ ಪೀಠ ಒಂದೇ ಥಳಥಳ ಯಾಕೆ? ಹೂವಿನ ಬುಟ್ಟಿವರೆಗೂ ಎಲ್ಲ ತಡಕಾಡಿದ್ರಿ. ಕೂರಿಸಿದ ಗಣಪನ್ನ ಮಾತ್ರ ಯಾರೂ ಮುಟ್ಟಲಿಲ್ಲ. ಮಂಗಳಾರತಿ ಆಗಿ, ಅಕ್ಷತೆ ಹಾಕೋ ತನಕ ಅವನನ್ನ ಕದಲಿಸೋ ಹಾಗಿಲ್ಲವಲ್ಲ. ಜಯಕ್ಕ, ಇನ್ನು ಮಂಗಳಾರತಿ ಮಾಡೋಣವಾ?"

ಜಯಕ್ಕ ಎದ್ದರು. ಕರ್ಪೂರ ಹಚ್ಚಿದರು. ಗಂಟೆ ಬಾರಿಸಿದವಳು ಶಾಂತಕ್ಕ, ಪೇದೆಯೂ ಟೋಪಿ ತೆಗೆದು ಕಣ್ಣಿಗೊತ್ತಿಕೊಂಡ. ಅಕ್ಷತೆ ಹಾಕಿ, ಜಯಕ್ಕ ಗಣಪನನ್ನು ಎಲೆಯ ಸಮೇತ ಉತ್ತರಕ್ಕೆ ಸರಿಸಿದರು. ಪೀಠದ ಅಕ್ಕಿಯನ್ನು ಸುರಿದು, ಸೆರಗಿನಿಂದ ಒರೆಸಿ ಎತ್ತಿ ಹಿಡಿದರು. ಬಂಗಾರದ ಬಣ್ಣದ ಗಂಡಭೇರುಂಡ ಎರಡೂ ಕೊಕ್ಕು ತೆರೆದು ರೆಕ್ಕೆ ಬಿಚ್ಚಿ ನಿಂತಿತ್ತು.

"ಅವ್ವ!" ಎಂದು ಲಕ್ಷ್ಮೀಕಾಂತರು ತಾಯಿಯ ಹತ್ತಿರ ಬಂದರು. ಆಮೇಲೆ, "ನೀನಾ? ಒಂದು ಮಾತು ಹೇಳಬಾರದಿತ್ತಾ?"

"ಯಾವಾಗ ಹೇಳ್ಲೋ?" ಜಯಕ್ಕ ಈಗ ಗಟ್ಟಿಯಾಗಿಯೇ ಕೇಳಿದರು. "ಬಾಯಿ ತೆಗೆದಾಗೆಲ್ಲ ಆಮೇಲೆ ಅವ್ವ, ಸುಮ್ನಿರವ್ವ ಅಂದಿ. ಈ ಹಿರೇರು ಹಬ್ಬದ ದಿನ ಕೇಳ್ಕಂಡ್ರು, ನೀನು ಗದರಿದಿ. ಮನಸ್ಸು ತಡೀಲಿಲ್ಲ. ತೊಳೆದು, ಮೊದಲ ಪೂಜೆ ಮಾಡಿಸಿ ಅವರ ಕೈಗೆ ಕೊಡಾಣ ಅಂತಿದ್ದೆ. ಗಣಪನ್ನ ಕೂರಿಸಿದ ಮೇಲೆ ಮಧ್ಯದಾಗೆ ಎಬ್ಬಿಸ್ಲಾ? ಅಷ್ಟರಾಗೆ ಪೊಲೀಸು ಅಂದಿ, ನನ್ ನಾಲಿಗೆನೇ ಬಿದ್ದೋಯ್ತು." ಶಾಂತಕ್ಕನ ಕಡೆ ತಿರುಗಿ, "ತಂಗಿ, ನಿನ್ ಹುಣಸೆಹಣ್ಣು ಕೇಳ್ದೆ ಮುರ್ಕಂಡೆ, ತಪ್ಪಾಯ್ತವ್ವ" ಎಂದರು.

"ಅಯ್ಯೋ ಅಕ್ಕ, ಪೂರ್ತಿ ಉಂಡೆ ತಗಳ್ರಿ!" ಎಂದಳು ಶಾಂತಕ್ಕ.

"ವಕೀಲ್ರೇ," ಎಂದರು ಮೇಡಂ ಮೆತ್ತಗೆ, "ಈ ಕೋರ್ಟಿನಲ್ಲಿ ಅಷ್ಟು ವರ್ಷ ಕಳ್ಳನಿಗೂ ಮಾತಾಡೋಕೆ ಬಿಡ್ತಿದ್ರಂತೆ." ಪೇದೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡು, "ಹಂಗಾರೆ ನಂದೇನೂ ಇಲ್ಲ ಸಾರ್" ಎಂದು ಹೊರಟೇಬಿಟ್ಟ.

ಲಕ್ಷ್ಮೀಕಾಂತರು ದಫೇದಾರರ ಮುಂದೆ ಬಂದು ನಿಂತರು. ಕೈಮುಗಿದರು. ದೊಡ್ಡತಿಮ್ಮಪ್ಪನವರು ಅವರನ್ನು ನೋಡಲಿಲ್ಲ. ಭುಜದ ಮೇಲಿನ ಡವಾಲಿಯನ್ನು ಮೆಲ್ಲಗೆ ತೆಗೆದು, ಮಡಿಸಿ, ಮೇಜಿನ ಮೇಲಿಟ್ಟರು.

"ಸಿಕ್ತಲ್ಲ ಸ್ವಾಮಿ, ಒಳ್ಳೇದಾತು. ನಾನಿನ್ನು ಬರಲ್ಲ. ಇದೇ ಹಾಲಿನಾಗೆ ಎಷ್ಟೋ ಜನರ ಜೇಬು ನಾನು ತಡವಿದೀನಿ. ನನ್ ಜೇಬು ಯಾರೂ ತಡವಿರಲಿಲ್ಲ."

ಶಾಂತಕ್ಕನಿಗೆ ಅಳುವೇ ಬಂತು. ಲಕ್ಷ್ಮೀಕಾಂತರು ಸುತ್ತ ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಕೋಟಿನ ಗುಂಡಿ ಬಿಚ್ಚಿ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು.

"ತಡವ್ರಿ" ಎಂದರು.

"ಬ್ಯಾಡ ಬಿಡ್ರಿ ಸ್ವಾಮಿ."

"ಇಲ್ಲ, ತಡವ್ರಿ. ಎಲ್ಲರೂ ನೋಡಲಿ."

ದಫೇದಾರರು ಹತ್ತಿರ ಬಂದು, ಕಸುಬಿನವರ ಶಿಸ್ತಿನಿಂದ, ಮೇಲಿನ ಜೇಬಿನಿಂದ ಶುರು ಮಾಡಿದರು. ಒಂದು ಪೆನ್ನು ಬಂತು. ಮೊಬೈಲು ಬಂತು. ಒಂದು ಬಾಚಣಿಗೆ ಬಂತು, ತಲೆಯಲ್ಲಿ ಕೂದಲೇ ಇಲ್ಲದ ವಕೀಲರಿಗೆ ಬಾಚಣಿಗೆ! ಬೆಂಚುಗಳಲ್ಲಿ ಕಿಸಕ್ಕನೆ ನಗೆ ಹೊರಟಿತು. ಒಳಜೇಬಿನಿಂದ ಬಾಳೆಎಲೆಯಲ್ಲಿ ಸುತ್ತಿದ ಪೊಟ್ಟಣ ಬಂತು. ದಫೇದಾರರು ಅದನ್ನು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಎರಡು ಕಜ್ಜಾಯ.

"ಲೇ! ನೈವೇದ್ಯಕ್ಕೆ ಮಾಡಿದ್ದು ಎರಡು ಕಮ್ಮಿ ಬಂತು ಅಂತ ಬೆಳಗ್ಗಿಂದ ಹುಡುಕ್ತಾ ಇದೀನಿ!" ಎಂದರು ಜಯಕ್ಕ.

ಇಡೀ ಕೋರ್ಟ್ ಹಾಲೇ ಹೋ ಎಂದು ನಕ್ಕಿತು. ಎರ್ರಿಸ್ವಾಮಿಯಂತೂ ಬೆಂಚು ಗುದ್ದಿ ಗುದ್ದಿ ನಕ್ಕ. ದಫೇದಾರರು ನಗು ತಡೆಯಲು ನೋಡಿದರು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಂದು ಕಜ್ಜಾಯವನ್ನು ವಕೀಲರ ಬಾಯಿಗಿಟ್ಟು, ಇನ್ನೊಂದನ್ನು ತಾವು ತಿಂದರು.

ಜಯಕ್ಕ ಡವಾಲಿಯನ್ನು ಎತ್ತಿ ಅವರ ಭುಜಕ್ಕೆ ಹಾಕಿ, ಎದೆಯ ಮೇಲಿನ ಖಾಲಿ ಜಾಗಕ್ಕೆ ಬಿಲ್ಲೆ ಚುಚ್ಚಿದರು. ದಫೇದಾರರು ಬಗ್ಗಿ ನೋಡಿಕೊಂಡರು. "ಕಾಣ್ತೈತೆ ತಾಯಿ" ಎಂದರು, "ಮುಖ ಕಾಣ್ತೈತೆ." ಸಂಜೆ ಮುಚ್ಚುವ ಹೊತ್ತಿಗೆ ಅಂಜಲಿ ಗಾಜಿನ ಪೆಟ್ಟಿಗೆ ಹಿಡಿದು ಬಿಲ್ಲೆ ಕೇಳೋಣವೇ ಬೇಡವೇ ಎಂದು ಅನುಮಾನಿಸುತ್ತ ನಿಂತಾಗ, ಲಕ್ಷ್ಮೀಕಾಂತರು ಅದನ್ನು ಇಸಿದುಕೊಂಡು, "ಇದರಲ್ಲಿ ಬೇಕಾದ್ರೆ ನನ್ನ ಟೈ ಇಡಮ್ಮ. ಅದು ಅವರ ಹತ್ರಾನೇ ಇರಲಿ" ಎಂದರು.

ಟೆಂಪೋ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಬಾಳೆಕಂದು ಕಟ್ಟಿದ ಲಾರಿಗಳು, ಹೂವಿನ ಹಾರ ಹಾಕಿಕೊಂಡ ಬೈಕುಗಳ ನಡುವೆ, ದೊಡ್ಡತಿಮ್ಮಪ್ಪನವರು ಪೇಟ, ಡವಾಲಿ, ಬಿಲ್ಲೆಯ ಸಮೇತ ಮನೆಗೆ ನಡೆದು ಹೋಗುತ್ತಿದ್ದರು. ಅವಸರ ಏನೂ ಇದ್ದಂತೆ ಕಾಣಲಿಲ್ಲ. ಚಾ ಅಂಗಡಿಯ ಮುಂದೆ ಕೂತಿದ್ದ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡಿದರು. ಶಾಂತಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದಳು. ದಫೇದಾರರು ನಿಂತು, ಕೋರ್ಟಿಗೆ ಬಂದ ಕಕ್ಷಿದಾರರಿಗೆ ಮಾಡುವಂತೆ ಗಂಭೀರವಾಗಿ ತಲೆಯಾಡಿಸಿ, ಮುಂದಕ್ಕೆ ನಡೆದರು.